ಕೈಗೂಡದ ಹಂಬಲಗಳ ಲೆಕ್ಕ: ಆಲೂರ ವೆಂಕಟರಾಯರ ಉತ್ತರ ಜೀವನ

ಆಲೂರ ವೆಂಕಟರಾಯರ (1880-1964) ಬದುಕನ್ನು ನಮ್ಮ ಸಾಹಿತ್ಯ ಚರಿತ್ರೆಗಳೂ ಏಕೀಕರಣದ ಇತಿಹಾಸಗಳೂ ಸಾಮಾನ್ಯವಾಗಿ ಒಂದು ಸಾರ್ಥಕತೆಯ ಕಥನವಾಗಿ ನಿರೂಪಿಸುತ್ತ ಬಂದಿವೆ. 1905ರಲ್ಲಿ ಹಂಪೆಯ ಅವಶೇಷಗಳ ನಡುವೆ ಮೊಳೆತ ಕನಸು 1956ರ ನವೆಂಬರ್ 1ರಂದು ಅದೇ ಹಂಪೆಯಲ್ಲಿ ಭುವನೇಶ್ವರಿಯ ಪೂಜೆಯೊಂದಿಗೆ ಫಲಿಸಿತು ಎಂಬುದು ಈ ಕಥನದ ವಿನ್ಯಾಸ. ಘಟನೆಗಳ ಮಟ್ಟಿಗೆ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಎರಡು ಹಂಪೆಗಳ ನಡುವಣ ಐವತ್ತೊಂದು ವರ್ಷಗಳನ್ನು ಈ ಕಥನವು ಕೇವಲ ಕಾಯುವಿಕೆಯ ಕಾಲವೆಂದು ಬಗೆದು ದಾಟಿಬಿಡುತ್ತದೆ. ಆ ಅವಧಿಯಲ್ಲಿ ಆಲೂರರು ಹಮ್ಮಿಕೊಂಡ ಕೆಲಸಗಳಲ್ಲಿ ಅನೇಕವು ಅರ್ಧಕ್ಕೆ ನಿಂತವು, ಕೆಲವು ಇತರರ ಕೈಸೇರಿದವು, ಇನ್ನು ಕೆಲವು ಅವರ ಜೀವಿತದಲ್ಲಿ ಕೈಗೂಡಲೇ ಇಲ್ಲ. ವಯಸ್ಸು ಏರಿದಂತೆ ಈ ಕೈಗೂಡದ ಹಂಬಲಗಳೊಡನೆ ಅವರು ಹೇಗೆ ವ್ಯವಹರಿಸಿದರು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಜೀವನವನ್ನು, ವಿಶೇಷವಾಗಿ ಅದರ ಉತ್ತರಾರ್ಧವನ್ನು, ಮರುನೋಡುವುದು ಪ್ರಸ್ತುತ ಲೇಖನದ ಉದ್ದೇಶ.

ವೆಂಕಟರಾಯರು ಜನಿಸಿದ್ದು 1880ರ ಜುಲೈ 12ರಂದು, ವಿಜಾಪುರದಲ್ಲಿ. ತಂದೆ ಭೀಮರಾಯರು ಸರಕಾರಿ ನೌಕರರು. ಮನೆತನದ ಮೂಲ ಈಗಿನ ಗದಗ ಜಿಲ್ಲೆಯ ಹೊಳೆಆಲೂರು. ಧಾರವಾಡದಲ್ಲಿ ಶಾಲಾ ಶಿಕ್ಷಣ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಉಚ್ಚ ಶಿಕ್ಷಣ. 1903ರಲ್ಲಿ ಬಿ.ಎ., 1905ರಲ್ಲಿ ಎಲ್.ಎಲ್.ಬಿ. ಪದವಿ ಪಡೆದು ಧಾರವಾಡದಲ್ಲಿ ವಕೀಲಿಗೆ ಇಳಿದರು. ಆ ಕಾಲದ ಮುಂಬಯಿ ಪ್ರಾಂತ್ಯದಲ್ಲಿ ಮಧ್ಯಮ ವರ್ಗದ ಬುದ್ಧಿವಂತ ತರುಣನೊಬ್ಬನಿಗೆ ಇದಕ್ಕಿಂತ ಭದ್ರವಾದ ಹಾದಿ ಇರಲಿಲ್ಲ. ಪುಣೆಯಲ್ಲಿ ಕಂಡ ತಿಲಕರ ರಾಷ್ಟ್ರೀಯತೆ ಮತ್ತು ಮರಾಠಿಗರ ಇತಿಹಾಸಾಭಿಮಾನಗಳು ಮಾತ್ರ ಅವರ ಮನಸ್ಸಿನಲ್ಲಿ ಒಂದು ಅಸ್ವಸ್ಥತೆಯನ್ನು ಉಳಿಸಿದ್ದವು. ಮರಾಠಿಗರಿಗೆ ಶಿವಾಜಿಯ ನೆನಪು ಜೀವಂತವಾಗಿತ್ತು; ಕನ್ನಡಿಗರಿಗೆ ಪುಲಕೇಶಿಯ ಹೆಸರೇ ಅಪರಿಚಿತವಾಗಿತ್ತು.

1905ರಲ್ಲಿ ಆನೆಗೊಂದಿಯ ನವವೃಂದಾವನಕ್ಕೆ ಹೋದವರು ಅಲ್ಲಿಂದ ಹಂಪೆಯನ್ನು ಕಂಡರು. ಆ ದರ್ಶನವು ಅವರ ಬಾಳಿನ ದಿಕ್ಕನ್ನು ಬದಲಿಸಿತೆಂಬುದು ಸರ್ವವಿದಿತ. ಅದೇ ವರ್ಷ ನಡೆದ ಬಂಗಾಲದ ವಿಭಜನೆಯೂ ಅಷ್ಟೇ ಮುಖ್ಯವಾದುದು. ಎರಡು ಹೋಳಾದುದಕ್ಕೆ ಬಂಗಾಲ ಸಿಡಿದೆದ್ದಿತು. ಮೈಸೂರು, ಮುಂಬಯಿ, ಮದ್ರಾಸು, ಹೈದರಾಬಾದು, ಕೊಡಗು ಹಾಗೂ ಸಾಂಗಲಿ, ಜಮಖಂಡಿ, ಮುಧೋಳ, ರಾಮದುರ್ಗ, ಸಂಡೂರು, ಸವಣೂರುಗಳಂಥ ಸಂಸ್ಥಾನಗಳಲ್ಲಿ ಚೂರುಚೂರಾಗಿದ್ದ ಕನ್ನಡನಾಡಿಗೆ ತಾನು ಒಡೆದಿದ್ದೇನೆಂಬ ಅರಿವೂ ಇರಲಿಲ್ಲ. ಹಂಪೆ ಭಾವವನ್ನು ಕೊಟ್ಟಿತು, ಬಂಗಾಲ ಅದಕ್ಕೊಂದು ರಾಜಕೀಯ ಆಕಾರವನ್ನು ಕೊಟ್ಟಿತು ಎನ್ನಬಹುದು. ಕೆಲವೇ ವರ್ಷಗಳಲ್ಲಿ ಆಲೂರರು ವಕೀಲಿಯನ್ನು ಬಿಟ್ಟರು. ಇಲ್ಲಿ ಒಂದು ಭೇದವನ್ನು ಗುರುತಿಸಬೇಕು. ವಕೀಲಿಯ ಹಂಬಲ ಅವರಿಗೆ ಕೈಗೂಡದೆ ಹೋದುದಲ್ಲ, ಅವರೇ ಕೈಬಿಟ್ಟುದು. ಅದರ ಬಗೆಗಿನ ಲೆಕ್ಕ ಅಂದೇ ಮುಗಿದಿತ್ತು. ಲೆಕ್ಕ ಮುಗಿಯದೆ ಉಳಿದದ್ದು ಅದಕ್ಕೆ ಬದಲಾಗಿ ಎತ್ತಿಕೊಂಡ ಹಂಬಲಗಳದು.

ಆ ಹಂಬಲ ಎಂಥ ನೆಲದ ಮೇಲೆ ನಿಂತಿತ್ತೆಂಬುದನ್ನು ತಿಳಿಯಲು ಉತ್ತರದ ಗಡಿಯ ಒಂದು ಊರನ್ನು ನೋಡಿದರೆ ಸಾಕು. ಬೆಳಗಾವಿ ಜಿಲ್ಲೆಯ ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತದೆ. ಅದರ ಎಡಬಲದಲ್ಲಿ ಚಾಲುಕ್ಯ ಶೈಲಿಯ ಹಳೆಯ ಗುಡಿಗಳಿವೆ. 1885ರಲ್ಲಿ ಅಲ್ಲಿ ಹತ್ತಿಯ ಗಿರಣಿ ಸ್ಥಾಪನೆಯಾಗಿ, 1887ರ ವೇಳೆಗೆ ಆ ನೀರಿನ ಬಲದಿಂದಲೇ ಗಿರಣಿಗೆ ವಿದ್ಯುತ್ತು ಉತ್ಪಾದನೆಯಾಗತೊಡಗಿತು. ಆಧುನಿಕತೆ ಅಷ್ಟು ಬೇಗ, ಅಷ್ಟು ಬಿರುಸಾಗಿ ಬಂದ ಈ ಸೀಮೆಯಲ್ಲಿ ಕಚೇರಿಯ ಕಾಗದ, ಶಿಷ್ಟರ ಮಾತು, ವಿದ್ಯಾವಂತರ ಓದು ಬಹುಮಟ್ಟಿಗೆ ಮರಾಠಿಯದಾಗಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕನ್ನಡ ಶಾಲೆಗಳಿಗಾಗಿ ದುಡಿದಿದ್ದರೂ ಶಾಲೆಯಾಚೆಗೆ ಕನ್ನಡಕ್ಕೆ ಸಾರ್ವಜನಿಕ ಘನತೆ ದೊರೆತಿರಲಿಲ್ಲ. ಕಣ್ಣೆದುರಿನ ಗುಡಿಯನ್ನು ಕಟ್ಟಿಸಿದ ಅರಸರು ಯಾರೆಂಬುದನ್ನು ಅಲ್ಲಿಯ ಜನ ಕನ್ನಡದಲ್ಲಿ ಓದಿ ತಿಳಿಯುವ ಅನುಕೂಲವಿರಲಿಲ್ಲ. ಅದು ಇದ್ದುದು ಫ್ಲೀಟ್, ಭಂಡಾರಕರ ಮೊದಲಾದವರ ಇಂಗ್ಲಿಷ್ ಗ್ರಂಥಗಳಲ್ಲಿ. ಆಲೂರರ ಹಂಬಲದ ಮೊದಲ ಪದರು ಈ ಅರಿವಿನ ಕೊರತೆಯನ್ನು ತುಂಬುವುದು. ನಾಡು ಒಂದಾಗುವುದು ಆಮೇಲಿನ ಮಾತು.

1890ರಲ್ಲಿ ಸ್ಥಾಪನೆಗೊಂಡಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘ ಅವರ ಮೊದಲ ಕಾರ್ಯಕ್ಷೇತ್ರವಾಯಿತು. ಸಂಘದ ‘ವಾಗ್ಭೂಷಣ’ ಪತ್ರಿಕೆಯ ಹೊಣೆ ಹೊತ್ತರು. 1907 ಮತ್ತು 1908ರಲ್ಲಿ ಧಾರವಾಡದಲ್ಲಿ ಕನ್ನಡ ಗ್ರಂಥಕರ್ತರ ಸಮ್ಮೇಳನಗಳನ್ನು ನೆರವೇರಿಸಿದರು. ವಿದ್ಯಾರಣ್ಯರ ಚರಿತ್ರೆ ಬರೆದರು, ಶಿಕ್ಷಣ ಮೀಮಾಂಸೆ ಬರೆದರು, ರಾಷ್ಟ್ರೀಯ ಶಾಲೆಯ ಕನಸು ಕಂಡರು, ಗ್ರಂಥ ಪ್ರಸಾರಕ್ಕೊಂದು ಮಂಡಲಿ ಕಟ್ಟಿದರು, 1914ರಲ್ಲಿ ಕರ್ನಾಟಕ ಇತಿಹಾಸ ಮಂಡಲವನ್ನು ಸ್ಥಾಪಿಸಿದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟುವಾಗ ಅದರ ಹಿಂದಿನ ಪ್ರೇರಣೆಗಳಲ್ಲಿ ಇವರದೂ ಒಂದು. 1916ರಲ್ಲಿ ಕರ್ನಾಟಕ ಸಭೆ, 1922ರಲ್ಲಿ ‘ಜಯಕರ್ನಾಟಕ’ ಮಾಸಪತ್ರಿಕೆ. ಈ ಯಾದಿಯನ್ನು ಓದುವಾಗ ಮೆಚ್ಚುಗೆಯ ಜೊತೆಗೆ ಒಂದು ಅನುಮಾನವೂ ಏಳುವುದು ಸಹಜ. ಒಬ್ಬ ಮನುಷ್ಯ ಇಷ್ಟನ್ನೆಲ್ಲ ಆರಂಭಿಸಿದನೆಂದರೆ ಇವುಗಳಲ್ಲಿ ಎಷ್ಟನ್ನು ನೆಲೆಗೊಳಿಸಿರಲು ಸಾಧ್ಯ? ಆಲೂರರು ಬೀಜ ಬಿತ್ತಿದ್ದೇ ಹೆಚ್ಚು, ಕಣ ಮಾಡಿದ್ದು ಕಡಿಮೆ. ಇದು ದೋಷಾರೋಪಣೆಯಲ್ಲ. ನಾಲ್ಕು ಕಾಸಿನ ಬೆಂಬಲವಿಲ್ಲದ ಸಮಾಜದಲ್ಲಿ ಎಲ್ಲವನ್ನೂ ಒಬ್ಬರೇ ಮೊದಲುಮಾಡಬೇಕಾಗಿ ಬಂದವರ ಪಾಡು ಇದು. ‘ಜಯಕರ್ನಾಟಕ’ವನ್ನೇ ನೋಡಬಹುದು. ಅದು ಹೊಸ ಪೀಳಿಗೆಯ ಲೇಖಕರ ಆಶ್ರಯವಾಯಿತು. ಗೋಕಾಕ ತಾಲ್ಲೂಕಿನ ಬೆಟಗೇರಿಯಿಂದ ಬಂದ ಕೃಷ್ಣಶರ್ಮರು (ಆನಂದಕಂದ) ಅದರ ಸಂಪಾದನೆಯಲ್ಲಿ ದುಡಿದು, ಮುಂದೆ 1938ರಲ್ಲಿ ತಮ್ಮದೇ ಆದ ‘ಜಯಂತಿ’ಯನ್ನು ಆರಂಭಿಸಿದರು. ಪತ್ರಿಕೆಯ ಫಲ ಪತ್ರಿಕೆಯ ಆಚೆಗೆ ಹೋಗಿ ನಿಂತಿತು.

ಇತಿಹಾಸದ ವಿಷಯದಲ್ಲಿಯೂ ಇದೇ ಆಯಿತು. 1917ರಲ್ಲಿ ಪ್ರಕಟವಾದ ‘ಕರ್ನಾಟಕ ಗತವೈಭವ’ ಆಲೂರರಿಗೆ ಶಾಶ್ವತ ಕೀರ್ತಿ ತಂದ ಕೃತಿ. ಶಾಸನ, ನಾಣ್ಯ, ಶಿಲ್ಪ, ಪ್ರವಾಸಿಗರ ಬರಹಗಳ ಆಧಾರವನ್ನು ಬಳಸಿ, ಕದಂಬರಿಂದ ವಿಜಯನಗರದವರೆಗಿನ ಅರಸು ಮನೆತನಗಳ ಕಥೆಯನ್ನು ಸಾಮಾನ್ಯ ಓದುಗನ ಎದೆ ಉಬ್ಬುವಂತೆ ಹೇಳಿದ ಪುಸ್ತಕ ಅದು. ಅದರ ಬಲವೂ ಮಿತಿಯೂ ಒಂದೇ ಕಡೆ ಇವೆ. ಎಚ್ಚರಿಸುವ ಕೆಲಸಕ್ಕೆ ಅದು ಸಾಕಾಯಿತು. ಶಾಸ್ತ್ರಶುದ್ಧವಾದ, ಸಮಗ್ರವಾದ ಕರ್ನಾಟಕದ ಇತಿಹಾಸಕ್ಕೆ ಅದು ಪೀಠಿಕೆ ಮಾತ್ರ. ಅಂಥ ಇತಿಹಾಸವನ್ನು ರಚಿಸುವ ಸಾಮಗ್ರಿ, ಸಮಯ, ಸಂಸ್ಥೆಯ ಆಸರೆ ಯಾವುದೂ ಅವರಿಗೆ ದೊರೆಯಲಿಲ್ಲ. 1939ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದಾಗ, 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂದಾಗ, ಆ ಕೆಲಸ ವೃತ್ತಿನಿರತ ವಿದ್ವಾಂಸರ ಪಾಲಿಗೆ ಹೋಯಿತು. ಆಲೂರರ ವಯಸ್ಸು ಆಗ ಕ್ರಮವಾಗಿ ಐವತ್ತೊಂಬತ್ತು ಮತ್ತು ಅರವತ್ತೊಂಬತ್ತು. ಅವರ ಪುಸ್ತಕದ ಸಣ್ಣಪುಟ್ಟ ನಿರ್ಣಯಗಳನ್ನು ನಂತರದ ಶಾಸನಶಾಸ್ತ್ರಜ್ಞರು ತಿದ್ದುತ್ತ ಹೋದರು. ಸಂಶೋಧನೆಯ ಶಿಸ್ತಿಗೆ ಇದು ಸಹಜ ಬೆಳವಣಿಗೆ. ತಾನು ಕೊರೆದ ಹಾದಿಯಲ್ಲಿ ಇತರರು ತನ್ನನ್ನು ದಾಟಿ ನಡೆಯುವುದನ್ನು ಬದುಕಿದ್ದು ನೋಡಬೇಕಾದವನಿಗೆ ಅದು ಒಂದು ಪರೀಕ್ಷೆಯೂ ಹೌದು.

ಈ ಹಿನ್ನೆಲೆಯಲ್ಲಿ ಅವರ ಅನುವಾದವೊಂದಕ್ಕೆ ವಿಶೇಷ ಅರ್ಥ ಬರುತ್ತದೆ. ತಿಲಕರು ಮಂಡಾಲೆಯ ಸೆರೆಮನೆಯಲ್ಲಿ ಬರೆದು 1915ರಲ್ಲಿ ಮರಾಠಿಯಲ್ಲಿ ಪ್ರಕಟಿಸಿದ ‘ಗೀತಾರಹಸ್ಯ’ವನ್ನು ಆಲೂರರು ಕನ್ನಡಕ್ಕೆ ತಂದರು. ಮುಂದೆ ಗೀತೆಯನ್ನು ಕುರಿತು ತಾವೇ ಹಲವು ಪುಸ್ತಕಗಳನ್ನು ಬರೆದರು. ಫಲದ ಮೇಲಿನ ಹಕ್ಕನ್ನು ಬಿಟ್ಟು ಕರ್ಮದಲ್ಲಿ ತೊಡಗುವ ಬೋಧೆಯನ್ನು ಇಡೀ ಒಂದು ಬೃಹದ್ಗ್ರಂಥದುದ್ದಕ್ಕೂ ಕನ್ನಡ ವಾಕ್ಯಗಳಲ್ಲಿ ಮರುರೂಪಿಸಿದವರಿಗೆ ಅದು ಕೇವಲ ಪಾಂಡಿತ್ಯದ ವಿಷಯವಾಗಿ ಉಳಿದಿರಲಾರದು. ಹಾಗೆಂದು ಆಲೂರರ ಉತ್ತರ ಜೀವನವನ್ನೆಲ್ಲ ನಿಷ್ಕಾಮ ಕರ್ಮದ ದೃಷ್ಟಾಂತವೆಂದು ಓದಿಬಿಡುವುದು ಸುಲಭದ ದಾರಿ. ತಿಲಕರ ಕರ್ಮಯೋಗ ಫಲವನ್ನು ಮರೆತ ಯೋಗವಲ್ಲ. ಅದು ಸ್ವರಾಜ್ಯವೆಂಬ ಫಲದತ್ತ ಕಣ್ಣಿಟ್ಟೇ ನಡೆಯುತ್ತದೆ. ಆಲೂರರಿಗೂ ಕರ್ನಾಟಕ ಬೇಕೇ ಬೇಕಿತ್ತು. ಬೇಕು ಎನ್ನುವುದನ್ನು ಬಿಡದೆ, ಸಿಗಲಿಲ್ಲವೆಂಬ ಕಹಿಗೆ ಎಡೆಕೊಡದೆ ಇರುವುದು ಹೇಗೆಂಬುದೇ ಅವರ ಮುಂದಿದ್ದ ಸಮಸ್ಯೆ.

1920ರ ದಶಕದ ಆರಂಭದಲ್ಲಿ ಈ ಸಮಸ್ಯೆ ಅಷ್ಟಾಗಿ ಕಾಡಿರಲಾರದು, ಏಕೆಂದರೆ ಗಾಳಿ ಅನುಕೂಲವಾಗಿತ್ತು. 1920ರ ನಾಗಪುರ ಅಧಿವೇಶನದಲ್ಲಿ ಕಾಂಗ್ರೆಸ್ಸು ಭಾಷಾವಾರು ಪ್ರಾಂತ ಸಮಿತಿಗಳನ್ನು ಒಪ್ಪಿಕೊಂಡು ಕರ್ನಾಟಕಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಅಧಿವೇಶನ ನಡೆದಾಗ, ಅಲ್ಲಿಯೇ ಸಿದ್ಧಪ್ಪ ಕಂಬಳಿಯವರ ಅಧ್ಯಕ್ಷತೆಯಲ್ಲಿ ಕರ್ನಾಟಕ ಏಕೀಕರಣ ಪರಿಷತ್ತು ಸೇರಿತು. ಹುಯಿಲಗೋಳ ನಾರಾಯಣರಾಯರ ನಾಡಗೀತೆ ಮೊಳಗಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಸ್ಥಾನ ಆಲೂರರಿಗೆ ಸಂದಿತು. ಐವತ್ತರ ಹರಯದಲ್ಲಿ ಇದೊಂದು ಶಿಖರ. ಆಮೇಲೆ ಇಳಿಜಾರು. ಸತ್ಯಾಗ್ರಹಗಳ ಕಾಲದಲ್ಲಿ ರಾಜಕಾರಣದ ನಾಯಕತ್ವ ಬೇರೆಯವರಿಗೆ ಹೋಯಿತು. ಸ್ವಾತಂತ್ರ್ಯ ಮೊದಲು, ಪ್ರಾಂತ ಆಮೇಲೆ ಎಂಬ ನೀತಿ ಬಲಗೊಂಡಿತು. ಸುಸ್ಥಿತಿಯಲ್ಲಿದ್ದ ಮೈಸೂರು ಸಂಸ್ಥಾನದ ಅನೇಕರಿಗೆ ಬಡ ಉತ್ತರದೊಡನೆ ಕೂಡುವ ಉತ್ಸಾಹವಿರಲಿಲ್ಲ. 1936ರಲ್ಲಿ ವಿಜಯನಗರ ಸಾಮ್ರಾಜ್ಯದ ಆರುನೂರನೆಯ ವರ್ಷದ ಉತ್ಸವ ನಡೆಯಿತು, ಉದ್ಗ್ರಂಥವೂ ಹೊರಬಂತು. ಅದೇ ವರ್ಷ ಏಪ್ರಿಲ್ 1ರಂದು ಒಡಿಶಾ ಪ್ರತ್ಯೇಕ ಪ್ರಾಂತವಾಯಿತು. ಕರ್ನಾಟಕಕ್ಕೆ ಸಿಕ್ಕಿದ್ದು ಉತ್ಸವ, ಒಡಿಶಾಕ್ಕೆ ಸಿಕ್ಕಿದ್ದು ಪ್ರಾಂತ.

ಒಡಿಶಾದ ಈ ಉಲ್ಲೇಖ ಆಕಸ್ಮಿಕವಲ್ಲ. 1903ರಲ್ಲಿ ಉತ್ಕಲ ಸಮ್ಮಿಲನಿಯನ್ನು ಕಟ್ಟಿದ ಮಧುಸೂದನ ದಾಸರು 1934ರಲ್ಲಿ ತೀರಿಕೊಂಡರು. ಪ್ರಾಂತವನ್ನು ಕಣ್ಣಾರೆ ಕಾಣಲು ಎರಡು ವರ್ಷ ಕಡಿಮೆಬಿದ್ದಿತು. ಆಲೂರರ ವಿಷಯದಲ್ಲಿ ಆಯುಷ್ಯ ಉದಾರವಾಯಿತೆಂದು ಹೇಳುವುದುಂಟು. ಆದರೆ 1941ರಲ್ಲಿ ಈ ಉದಾರತೆ ಯಾರಿಗೂ ಗೊತ್ತಿರಲಿಲ್ಲ ಎಂಬುದನ್ನು ಮರೆಯಬಾರದು. ಆ ವರ್ಷ, ಅರವತ್ತು ದಾಟಿದ ಮೇಲೆ, ಆಲೂರರ ‘ನನ್ನ ಜೀವನ ಸ್ಮೃತಿಗಳು’ ಹೊರಬಂತು. ಆ ಪುಸ್ತಕವನ್ನು 1956ರ ಬೆಳಕಿನಲ್ಲಿ ಓದುವ ರೂಢಿ ನಮ್ಮಲ್ಲಿದೆ; ಓದಬೇಕಾದದ್ದು 1941ರ ಕತ್ತಲಲ್ಲಿ. ಎರಡನೆಯ ಮಹಾಯುದ್ಧ ನಡೆದಿತ್ತು, ಪ್ರಾಂತೀಯ ಸರಕಾರಗಳು ರಾಜೀನಾಮೆ ಕೊಟ್ಟು ಹೋಗಿದ್ದವು, ಏಕೀಕರಣದ ಪ್ರಶ್ನೆ ಯಾರ ಮೇಜಿನ ಮೇಲೂ ಇರಲಿಲ್ಲ. ಅದನ್ನು ಬರೆದವರು ತಮ್ಮ ಜೀವನದ ಮುಖ್ಯ ಕಾರ್ಯ ಫಲಿಸುವುದೆಂಬ ಯಾವ ಭರವಸೆಯೂ ಇಲ್ಲದೆ ಹಿಂದಿರುಗಿ ನೋಡುತ್ತಿದ್ದರು.

ಕೃತಿಯ ಹೆಸರಿನಿಂದಲೇ ಅವರ ನಿಲುವು ಸೂಚಿತವಾಗುತ್ತದೆ. ಚರಿತ್ರೆ ಎಂಬ ಪದವನ್ನು ವಿದ್ಯಾರಣ್ಯರಿಗೆ ಬಳಸಿದವರು ತಮಗೆ ಅದನ್ನು ಬಳಸಿಕೊಳ್ಳಲಿಲ್ಲ. ಚರಿತ್ರೆಗೆ ಒಂದು ಸಿದ್ಧಿ, ಒಂದು ಪರ್ಯವಸಾನ ಬೇಕು. ಸ್ಮೃತಿಗೆ ಅದು ಬೇಕಿಲ್ಲ. ಸಭೆ, ಸಂಸ್ಥೆ, ಪತ್ರಿಕೆ, ಪುಸ್ತಕ, ಒಡನಾಡಿಗಳ ನೆನಪುಗಳ ಮೂಲಕ ಅವರ ವೈಯಕ್ತಿಕ ಬದುಕು ನಾಡಿನ ಬದುಕಿನೊಳಗೆ ಕರಗಿಹೋಗುತ್ತದೆ. ಇದನ್ನು ವಿನಯವೆಂದು ಓದಬಹುದು. ನನಗೆ ಇನ್ನೊಂದು ಓದೂ ಸಾಧ್ಯವೆನಿಸುತ್ತದೆ. ವೈಯಕ್ತಿಕ ಹಂಬಲವನ್ನು ಸಾಮೂಹಿಕ ಹಂಬಲದೊಳಗೆ ಸೇರಿಸಿಬಿಟ್ಟವನು ತನ್ನ ಸೋಲನ್ನು ತನ್ನದೆಂದು ಎಣಿಸಬೇಕಾದ ಸಂಕಟದಿಂದ ಪಾರಾಗುತ್ತಾನೆ. ಅದೇ ವೇಳೆಗೆ ಹಂಬಲದಿಂದ ನಿವೃತ್ತನಾಗುವ ಸ್ವಾತಂತ್ರ್ಯವನ್ನೂ ಕಳೆದುಕೊಳ್ಳುತ್ತಾನೆ. ವಕೀಲಿಯಿಂದ ನಿವೃತ್ತಿ ಇದೆ, ಕನ್ನಡತನದಿಂದ ಎಲ್ಲಿಯ ನಿವೃತ್ತಿ? ಆಲೂರರ ಮುಂದಿನ ಇಪ್ಪತ್ತಮೂರು ವರ್ಷಗಳು ಈ ಎರಡು ಅಂಚುಗಳ ನಡುವೆ ಸಾಗಿದವು.

1947ರಲ್ಲಿ ಸ್ವಾತಂತ್ರ್ಯ ಬಂದಾಗ ಪ್ರಾಂತ ಬರಲಿಲ್ಲ. 1948ರಲ್ಲಿ ನೇಮಕಗೊಂಡ ಧರ್ ಆಯೋಗ ಭಾಷಾವಾರು ಪ್ರಾಂತ ರಚನೆ ಸಲ್ಲದೆಂದಿತು. ನೆಹರೂ, ಪಟೇಲ್, ಪಟ್ಟಾಭಿ ಸೀತಾರಾಮಯ್ಯನವರ ಸಮಿತಿ 1949ರಲ್ಲಿ ಆಂಧ್ರದ ಮಟ್ಟಿಗೆ ಮಾತ್ರ ಬಾಗಿಲನ್ನು ಅರೆತೆರೆದಿಟ್ಟು ಉಳಿದವರನ್ನು ಕಾಯಲು ಹೇಳಿತು. ಮೂವತ್ತು ವರ್ಷ ಹಿಂದೆ ಈ ತತ್ವವನ್ನು ಒಪ್ಪಿದ್ದ ಪಕ್ಷವೇ ಈಗ ಹಿಂಜರಿದಿತ್ತು. ಎಪ್ಪತ್ತರ ಹೊಸ್ತಿಲಲ್ಲಿದ್ದ ಆಲೂರರಿಗೆ ಇದು ಎಂಥ ಆಘಾತವಾಗಿದ್ದಿರಬೇಕೆಂದು ಊಹಿಸಬಹುದು. ಆ ಆಘಾತದ ಬೆನ್ನಿಗೇ, 1950ರಲ್ಲಿ, ಅವರು ಪ್ರಕಟಿಸಿದ್ದು ರಾಜಕೀಯ ಪತ್ರಕವನ್ನಲ್ಲ, ‘ಕರ್ನಾಟಕತ್ವದ ಸೂತ್ರಗಳು’ ಎಂಬ ತಾತ್ವಿಕ ಕೃತಿಯನ್ನು. ಕರ್ನಾಟಕವೆಂಬುದು ಬರಿಯ ಭೂಪಟದ ಗೆರೆಯಲ್ಲ, ಅದೊಂದು ಚೈತನ್ಯ. ಭಾರತೀಯತ್ವಕ್ಕೂ ವಿಶ್ವತ್ವಕ್ಕೂ ವಿರೋಧಿಯಾಗದ ಒಂದು ಜೀವನಧರ್ಮ ಎಂಬುದು ಅವರ ಪ್ರತಿಪಾದನೆಯ ತಿರುಳು. ಅರವಿಂದರ ದರ್ಶನದ ಛಾಯೆಯೂ ಮಧ್ವ ಸಿದ್ಧಾಂತದ ಸಂಸ್ಕಾರವೂ ಈ ಚಿಂತನೆಯಲ್ಲಿ ಕಾಣುತ್ತವೆ.

ಇಲ್ಲೊಂದು ಕಠಿಣ ಪ್ರಶ್ನೆಯನ್ನು ಎತ್ತದೆ ಇರುವುದು ಸಾಧ್ಯವಿಲ್ಲ. ಭೂಪಟದಲ್ಲಿ ದೊರೆಯದ ನಾಡನ್ನು ಅವರು ತತ್ವದಲ್ಲಿ ಕಟ್ಟಿಕೊಂಡರೇ? ಕೈಗೂಡದ ಹಂಬಲವನ್ನು ಇನ್ನೊಂದು ಎತ್ತರಕ್ಕೆ ಸಾಗಿಸಿ ಅಲ್ಲಿ ಅದನ್ನು ಪೂರ್ಣವೆಂದು ಭಾವಿಸುವುದು ವೃದ್ಧಾಪ್ಯದ ಪರಿಚಿತ ಸಮಾಧಾನಗಳಲ್ಲಿ ಒಂದು. ಈ ಅನುಮಾನಕ್ಕೆ ಆಧಾರವಿಲ್ಲದೆ ಇಲ್ಲ. ಕರ್ನಾಟಕತ್ವದ ಅವರ ಕಲ್ಪನೆ ವಾಸ್ತವದ ಕನ್ನಡ ಸಮಾಜದ ಒಡಕುಗಳನ್ನು, ಜಾತಿಯ ಶ್ರೇಣಿಯನ್ನು, ಉತ್ತರ-ದಕ್ಷಿಣಗಳ ಆರ್ಥಿಕ ಅಂತರವನ್ನು ಸಾಕಷ್ಟು ಎದುರಿಸುವುದಿಲ್ಲ. ಅವರ ಗತವೈಭವ ಅರಸರದು ಮತ್ತು ಆಚಾರ್ಯರದು. ಗೋಕಾಕ ಫಾಲ್ಸಿನ ಗುಡಿಗೆ ಅಲ್ಲಿ ಸ್ಥಳವಿದೆ, ಎದುರಿನ ಗಿರಣಿಯಲ್ಲಿ ನೂಲುವವರಿಗೆ ಸ್ಥಳ ಕಡಿಮೆ. ಎಪ್ಪತ್ತರ ದಶಕದಿಂದೀಚಿನ ಕನ್ನಡ ಚಿಂತನೆ ಈ ಕೊರತೆಯನ್ನು ಎತ್ತಿ ತೋರಿಸಿರುವುದು ನ್ಯಾಯವೇ ಆಗಿದೆ. ಆದರೂ ಸಮಾಧಾನದ ಆರೋಪ ಪೂರ್ತಿ ನಿಲ್ಲುವುದಿಲ್ಲ. ಅದು ನಿಲ್ಲಬೇಕಾದರೆ, ನಿಜವಾದ ನಾಡು ಕೈಗೆ ಬಂದ ಕೂಡಲೇ ತತ್ವದ ನಾಡಿನ ಅಗತ್ಯ ತೀರಬೇಕಿತ್ತು. ನಡೆದದ್ದು ಹಾಗಲ್ಲ.

1952ರಲ್ಲಿ ಪೊಟ್ಟಿ ಶ್ರೀರಾಮುಲು ಅವರ ಉಪವಾಸ ಮರಣ, 1953ರ ಅಕ್ಟೋಬರಿನಲ್ಲಿ ಆಂಧ್ರ ರಾಜ್ಯದ ಉದಯ, ಅದೇ ವರ್ಷ ಅದರಗುಂಚಿ ಶಂಕರಗೌಡರ ಉಪವಾಸ ಮತ್ತು ಹುಬ್ಬಳ್ಳಿಯ ಜನಕ್ಷೋಭೆ, ಫಜಲ್ ಅಲಿ ಆಯೋಗ, 1955ರಲ್ಲಿ ಅದರ ವರದಿ. ಈ ಘಟನಾವಳಿ ಎಲ್ಲರಿಗೂ ಗೊತ್ತಿರುವಂಥದೇ. ಇದರಲ್ಲಿ ಆಲೂರರ ಪಾತ್ರ ನೇತಾರರದಲ್ಲ, ಹಿರಿಯರದು. ಚಳವಳಿಯ ಕಾವು, ಸಂಧಾನದ ಜಾಣ್ಮೆ ಮುಂದಿನ ತಲೆಮಾರುಗಳದಾಗಿತ್ತು. 1956ರ ನವೆಂಬರ್ 1ರಂದು ಎಪ್ಪತ್ತಾರರ ವೃದ್ಧರು ಹಂಪೆಗೆ ಹೋಗಿ ಭುವನೇಶ್ವರಿಗೆ ಪೂಜೆ ಸಲ್ಲಿಸಿದರು. ಅಂದು ಅವರಿಗೆ ದೊರೆತದ್ದು ಏನು, ದೊರೆಯದೆ ಉಳಿದದ್ದು ಏನು ಎಂಬುದನ್ನು ಬದಿಬದಿಯಲ್ಲಿಟ್ಟು ನೋಡಬೇಕು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ, ರಾಯಚೂರು, ಗುಲ್ಬರ್ಗಾ, ಬೀದರ, ದಕ್ಷಿಣ ಕನ್ನಡ, ಕೊಡಗುಗಳು ಒಂದಾಗಿದ್ದವು. ಕಾಸರಗೋಡು ಕೇರಳಕ್ಕೆ ಸೇರಿತ್ತು. ಸೊಲ್ಲಾಪುರ, ಅಕ್ಕಲಕೋಟೆಗಳು ಹೊರಗುಳಿದಿದ್ದವು. ಬೆಳಗಾವಿ ಒಳಗಿದ್ದರೂ ವಿವಾದಕ್ಕೆ ಒಳಗಾಗಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ಐದು ದಶಕಗಳ ಕಾಲ ಅವರು ಪತ್ರಿಕೆ, ಸಭೆ, ಪುಸ್ತಕಗಳ ಶಿರೋನಾಮೆಯಲ್ಲಿ ಬರೆದುಕೊಂಡು ಬಂದಿದ್ದ ಆ ಒಂದು ಪದ ಹೊಸ ರಾಜ್ಯದ ಹೆಸರಾಗಿರಲಿಲ್ಲ. ರಾಜ್ಯಕ್ಕೆ ಮೈಸೂರು ಎಂದೇ ಹೆಸರಿಡಲಾಗಿತ್ತು.

ಮರುವರ್ಷವೇ, 1957ರಲ್ಲಿ, ‘ಕರ್ನಾಟಕತ್ವದ ವಿಕಾಸ’ ಪ್ರಕಟವಾಯಿತು. ಈ ಕಾಲಾನುಕ್ರಮ ನಮ್ಮ ಚರ್ಚೆಗೆ ನಿರ್ಣಾಯಕವಾದುದು. ಹಂಬಲ ಈಡೇರಿತೆಂದು ನಾಡೆಲ್ಲ ಸಂಭ್ರಮಿಸುತ್ತಿದ್ದಾಗ, ಅದರ ಆದ್ಯ ಪ್ರವರ್ತಕರು ಇನ್ನು ಆಗಬೇಕಾದುದರ ಕುರಿತು ಬರೆಯುತ್ತಿದ್ದರು. ಹೆಸರಿನಲ್ಲಿರುವ ವಿಕಾಸವೆಂಬ ಪದವೇ ಮುಗಿಯದ ಕೆಲಸವನ್ನು ಸೂಚಿಸುತ್ತದೆ. ತಾತ್ವಿಕ ಕರ್ನಾಟಕ ಅವರಿಗೆ ರಾಜಕೀಯ ಕರ್ನಾಟಕದ ಬದಲಿಯಾಗಿರಲಿಲ್ಲ, ಅದನ್ನು ಅಳೆಯುವ ಅಳತೆಗೋಲಾಗಿತ್ತು ಎಂದು ಇದರಿಂದ ತಿಳಿಯಬಹುದು. ಆಡಳಿತದಲ್ಲಿ, ಶಿಕ್ಷಣದಲ್ಲಿ ಕನ್ನಡದ ಸ್ಥಾನ ಆಗ ಇನ್ನೂ ಅನಿಶ್ಚಿತವಾಗಿತ್ತು. ರಾಜ್ಯದ ಆಡಳಿತ ಭಾಷಾ ಕಾಯ್ದೆ ಬಂದದ್ದು 1963ರಲ್ಲಿ. ಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಸ್ಥಾನ ಬೇಕೆಂದು 1982ರಲ್ಲಿ ಜನ ಬೀದಿಗಿಳಿಯಬೇಕಾಯಿತು. ಆ ಚಳವಳಿಗೆ ಗೋಕಾಕ ಎಂಬ ಹೆಸರು ಬಂದದ್ದು ವಿ.ಕೃ. ಗೋಕಾಕರ ವರದಿಯಿಂದ, ಊರಿನಿಂದಲ್ಲ; ಆದರೂ ಗಡಿಸೀಮೆಯವರ ಕಿವಿಗೆ ಅದರ ಅನುರಣನ ಬೇರೆಯೇ.

ಕನ್ನಡ ಕುಲಪುರೋಹಿತ ಎಂಬ ಬಿರುದು ಆಲೂರರಿಗೆ ಅಂಟಿಕೊಂಡಿದೆ. ಭಾಷಣಗಳಲ್ಲಿ ಸವೆದುಹೋದ ಈ ಪದದ ಒಳಗಣ ಅರ್ಥವನ್ನು ಒಮ್ಮೆ ಬಿಡಿಸಿ ನೋಡುವುದು ಅನುಚಿತವಾಗಲಾರದು. ಪುರೋಹಿತನು ಸಂಕಲ್ಪವನ್ನು ಉಚ್ಚರಿಸುವುದು ಯಜಮಾನನ ಹೆಸರಿನಲ್ಲಿ. ಮಂತ್ರ ಅವನದು, ಪರಿಶ್ರಮ ಅವನದು, ಫಲ ಯಜಮಾನನದು. ಮನೆ ಕಟ್ಟಿದವನಿಗೆ ವಾಸ್ತು ಮಾಡಿಸಿ ಪುರೋಹಿತ ತನ್ನ ಹಳೆಯ ಮನೆಗೆ ಹಿಂದಿರುಗುತ್ತಾನೆ. ಮಂತ್ರಿಗಿರಿ, ಅಧಿಕಾರ, ಸಂಸ್ಥೆಯ ಗದ್ದುಗೆ ಯಾವುದನ್ನೂ ಹೊಸ ರಾಜ್ಯದಲ್ಲಿ ಹಿಡಿಯದ ಆಲೂರರಿಗೆ ಬಿರುದು ಕೊಟ್ಟವರು ಇಷ್ಟನ್ನು ಯೋಚಿಸಿದ್ದರೋ ಇಲ್ಲವೋ, ಪದ ಮಾತ್ರ ಅವರ ಸ್ಥಿತಿಗೆ ಸರಿಯಾಗಿ ಹೊಂದುತ್ತದೆ.

1964ರ ಫೆಬ್ರುವರಿ 25ರಂದು ಧಾರವಾಡದಲ್ಲಿ ಆಲೂರರು ನಿಧನರಾದರು. ಆಗ ಅವರಿಗೆ ಎಂಬತ್ಮೂರು ವರ್ಷ. ಬೆಳಗಾವಿಯ ಗಡಿಯ ಪ್ರಶ್ನೆಗಾಗಿ ಮಹಾಜನ ಆಯೋಗ ನೇಮಕವಾದದ್ದು ಅದಾದ ಎರಡು ವರ್ಷಗಳಿಗೆ, 1966ರಲ್ಲಿ. ರಾಜ್ಯದ ಹೆಸರು ಕರ್ನಾಟಕವೆಂದು ಬದಲಾದದ್ದು ಒಂಬತ್ತು ವರ್ಷಗಳ ಅನಂತರ, 1973ರ ನವೆಂಬರ್ 1ರಂದು. ತೀರಿಕೊಂಡ ದಿನ, ಸರಕಾರದ ದಾಖಲೆಗಳ ಪ್ರಕಾರ, ಅವರು ಮೈಸೂರು ರಾಜ್ಯದ ನಿವಾಸಿಯಾಗಿದ್ದರು.